ಬಾವುಟದೊಳಗಿನ ಚರಕ

ನಮ್ಮ ರಾಷ್ಟ್ರಧ್ವಜದ ನಡುವೆ ಇರುವ ನೀಲಿ ಚಕ್ರ ಯಾವುದು ಎಂದು ಯಾರನ್ನು ಕೇಳಿದರೂ 'ಅಶೋಕ ಚಕ್ರ' ಎನ್ನುತ್ತಾರೆ. ಉತ್ತರ ಸರಿಯೇ, ಆದರೆ ಅರ್ಧ ಮಾತ್ರ. ಸಂವಿಧಾನ ರಚನಾ ಸಭೆ 1947ರ ಜುಲೈ 22ರಂದು ಒಪ್ಪಿದ ನಿರ್ಣಯವನ್ನು ತೆರೆದು ಓದಿದರೆ ಉಳಿದರ್ಧ ಸಿಗುತ್ತದೆ. ಬಿಳಿ ಪಟ್ಟಿಯ ನಡುವೆ 'ಚರಕವನ್ನು ಪ್ರತಿನಿಧಿಸುವ' ಕಡುನೀಲಿ ಚಕ್ರ ಇರಬೇಕು, ಅದರ ವಿನ್ಯಾಸ ಸಾರನಾಥದ ಅಶೋಕ ಸ್ತಂಭದ ಮೇಲಿನ ಚಕ್ರದಂತಿರಬೇಕು ಎಂದು ಅಲ್ಲಿ ಬರೆದಿದೆ. ಅಂದರೆ ಆಕಾರ ಅಶೋಕನದು, ಅರ್ಥ ಚರಕದ್ದು. ಚರಕವನ್ನು ತೆಗೆದುಹಾಕಿ ಅದರ ಜಾಗದಲ್ಲಿ ಚಕ್ರ ಕೂರಿಸಿದರು ಎಂದು ನಾವು ಶಾಲೆಯಲ್ಲಿ ಕಲಿತದ್ದನ್ನು ಈ ಒಂದು ಸಾಲು ಒಪ್ಪುವುದಿಲ್ಲ.

ಪ್ರತಿ ಆಗಸ್ಟ್‌ನಲ್ಲಿ ಮಕ್ಕಳು ಕೇಸರಿ ಎಂದರೆ ತ್ಯಾಗ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಆ ಪಟ್ಟಿಯ ಹಿಂದೆ ಕಾಲು ಶತಮಾನದ ವಾದ, ಜಗಳ, ರಾಜಿ, ಜೈಲು, ಗೋಲಿಬಾರ್ ಇವೆ. ಬಣ್ಣಗಳ ಅರ್ಥ ಒಂದೇ ಸಲ ಹುಟ್ಟಿದ್ದಲ್ಲ. ಅದು ಬದಲಾಗಿದೆ, ಬೇಕೆಂದೇ ಬದಲಾಯಿಸಿದ್ದಾರೆ. ಏಕೆ ಬದಲಾಯಿಸಿದರು ಎಂಬುದನ್ನು ತಿಳಿದರೆ ಬಾವುಟ ತಾನಾಗಿಯೇ ಅರ್ಥವಾಗುತ್ತದೆ.

ಹಲವು ಬಾವುಟಗಳ ಕಾಲ

ಇಪ್ಪತ್ತನೇ ಶತಮಾನದ ಆರಂಭದಲ್ಲಿ 'ಭಾರತದ ಬಾವುಟ' ಎಂದು ಒಬ್ಬೊಬ್ಬರು ಒಂದೊಂದನ್ನು ಹಾರಿಸುತ್ತಿದ್ದರು. ಸೋದರಿ ನಿವೇದಿತಾ ಕೆಂಪು ಬಟ್ಟೆಯ ಮೇಲೆ ಹಳದಿ ವಜ್ರಾಯುಧ ಬಿಡಿಸಿ, ಬಂಗಾಳಿಯಲ್ಲಿ 'ವಂದೇ ಮಾತರಂ' ಬರೆಸಿದ್ದರು. 1906ರ ಆಗಸ್ಟ್ 7ರಂದು ಕಲ್ಕತ್ತೆಯ ಪಾರ್ಸಿ ಬಗಾನ್ ಚೌಕದಲ್ಲಿ ಏರಿದ್ದು ಹಸಿರು, ಹಳದಿ, ಕೆಂಪು ಪಟ್ಟಿಗಳ ಬಾವುಟ. ಅದರಲ್ಲಿ ಎಂಟು ಕಮಲ, ಸೂರ್ಯ, ಅರ್ಧಚಂದ್ರ ಇದ್ದವು. ಮರುವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಮೇಡಂ ಭಿಕಾಜಿ ಕಾಮಾ ಅಂಥದ್ದೇ ಒಂದನ್ನು ಬಿಚ್ಚಿ ತೋರಿಸಿದರು. 1917ರ ಹೊತ್ತಿಗೆ ಆನಿ ಬೆಸೆಂಟ್ ಮತ್ತು ಟಿಳಕರ ಹೋಂ ರೂಲ್ ಚಳವಳಿಯ ಬಾವುಟ ಬಂತು. ಐದು ಕೆಂಪು, ನಾಲ್ಕು ಹಸಿರು ಪಟ್ಟಿಗಳು, ಸಪ್ತರ್ಷಿ ಮಂಡಲದಂತೆ ಏಳು ನಕ್ಷತ್ರಗಳು, ಮತ್ತು ಮೂಲೆಯಲ್ಲಿ ಬ್ರಿಟನ್ನಿನ ಯೂನಿಯನ್ ಜಾಕ್. ಆಗ ಕೇಳುತ್ತಿದ್ದುದು ಸಾಮ್ರಾಜ್ಯದೊಳಗಿನ ಸ್ವಾಯತ್ತತೆ, ಹಾಗಾಗಿ ಸಾಮ್ರಾಜ್ಯದ ಗುರುತೂ ಉಳಿದಿತ್ತು.

ಇವೆಲ್ಲ ಸಭೆಗಳ, ಸಂಘಟನೆಗಳ ಬಾವುಟಗಳು. ಹಳ್ಳಿಯ ಮನೆಯೊಂದರ ಮೇಲೆ ಹಾರುವ ಬಾವುಟ ಇನ್ನೂ ಬಂದಿರಲಿಲ್ಲ.

ಬೆಜವಾಡದ ಮೂರು ಗಂಟೆ

ಅದು ಬಂದದ್ದು 1921ರಲ್ಲಿ, ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. ಮಚಲೀಪಟ್ಟಣದ ಕಡೆಯ ಪಿಂಗಳಿ ವೆಂಕಯ್ಯ ಎಂಬವರು ವರ್ಷಗಟ್ಟಲೆ ಬಾವುಟದ ವಿಚಾರವನ್ನೇ ತಲೆಗೆ ಹಚ್ಚಿಕೊಂಡಿದ್ದರು. ಬೇರೆ ಬೇರೆ ದೇಶಗಳ ಧ್ವಜಗಳನ್ನು ಅಧ್ಯಯನ ಮಾಡಿ, ಭಾರತಕ್ಕೆ ಹೊಂದುವಂಥ ಹತ್ತಾರು ವಿನ್ಯಾಸಗಳನ್ನು 1916ರಲ್ಲೇ ಪುಸ್ತಕವಾಗಿ ತಂದಿದ್ದರು. ಕಾಂಗ್ರೆಸ್ ಅಧಿವೇಶನಗಳಿಗೆ ಬಂದು ಗಾಂಧೀಜಿಯವರ ಮುಂದೆ ಆ ವಿಷಯ ಎತ್ತುತ್ತಲೇ ಇದ್ದರು. ಬಾವುಟದಲ್ಲಿ ಚರಕ ಇರಲಿ ಎಂಬ ಸಲಹೆ ಕೊಟ್ಟವರು ಪಂಜಾಬಿನ ಜಲಂಧರದ ಲಾಲಾ ಹಂಸರಾಜ್. ಗಾಂಧೀಜಿಗೆ ಅದು ಹಿಡಿಸಿತು. ಕೆಂಪು ಮತ್ತು ಹಸಿರು ಬಟ್ಟೆಯ ಮೇಲೆ ಚರಕ ಬಿಡಿಸಿಕೊಡಿ ಎಂದು ವೆಂಕಯ್ಯನವರಿಗೆ ಹೇಳಿದರು. ಮೂರು ಗಂಟೆಯಲ್ಲಿ ಬಾವುಟ ಸಿದ್ಧವಾಯಿತು.

ಸಿದ್ಧವಾದರೂ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಮುಂದಿಡುವ ಹೊತ್ತು ಮೀರಿತ್ತು. ತಡವಾದದ್ದೇ ಒಳ್ಳೆಯದಾಯಿತು ಎಂದು ಗಾಂಧೀಜಿ ಆಮೇಲೆ 'ಯಂಗ್ ಇಂಡಿಯಾ'ದಲ್ಲಿ ಬರೆದರು. ಮೊದಲ ವಿನ್ಯಾಸದಲ್ಲಿ ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ. ಉಳಿದವರೆಲ್ಲಿ? ಈ ಪ್ರಶ್ನೆ ಅವರಿಗೆ ಹೊಳೆದದ್ದು ಆ ತಡದಿಂದ. ಉಳಿದೆಲ್ಲ ಧರ್ಮದವರಿಗಾಗಿ ಬಿಳಿ ಸೇರಿತು. ಸೇರಿದ್ದು ಕೆಳಗಲ್ಲ, ಮೇಲೆ. ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು. ಸಂಖ್ಯೆಯಲ್ಲಿ ಎಲ್ಲರಿಗಿಂತ ಕಡಿಮೆ ಇರುವವರಿಗೆ ಮೊದಲ ಸ್ಥಾನ, ಎಲ್ಲರಿಗಿಂತ ಹೆಚ್ಚಿರುವವರಿಗೆ ಕೊನೆಯ ಸ್ಥಾನ ಎಂಬುದು ಅದರ ಹಿಂದಿನ ಯೋಚನೆ. ನೂರು ವರ್ಷದ ಹಿಂದಿನ ಒಂದು ರಾಜಕೀಯ ಚಳವಳಿ ತನ್ನ ಬಾವುಟದ ಪಟ್ಟಿಗಳನ್ನು ಹೀಗೆ ಜೋಡಿಸಿತ್ತು ಎಂಬುದು ಮರೆಯಬಾರದ ಸಂಗತಿ. ಮೂರೂ ಪಟ್ಟಿಗಳ ಮೇಲೆ ಹರಡಿದಂತೆ ದೊಡ್ಡ ಚರಕ ಇತ್ತು. ಯಾವ ಜಾತಿಯವರಾದರೂ, ಯಾವ ಮತದವರಾದರೂ ಕೂತು ನೂಲಬಹುದಾದ ಸಾಧನ ಅದು.

ಈ ಬಾವುಟಕ್ಕೆ ಸ್ವರಾಜ್ ಧ್ವಜ ಎಂಬ ಹೆಸರು ಬಂತು. ಕಾಂಗ್ರೆಸ್ ಅಧಿಕೃತವಾಗಿ ಒಪ್ಪುವ ಮೊದಲೇ ಜನ ಒಪ್ಪಿಕೊಂಡರು. ಖಾದಿ ಬಟ್ಟೆ, ಒಂದಿಷ್ಟು ಬಣ್ಣ ಇದ್ದರೆ ಮನೆಯಲ್ಲೇ ಆಗುತ್ತಿತ್ತು. ಸರ್ಕಾರಕ್ಕೆ ತಲೆನೋವಾದದ್ದೂ ಅದಕ್ಕೇ.

ಬಾವುಟ ಹಿಡಿಯುವುದೇ ಅಪರಾಧ

1923ರಲ್ಲಿ ಜಬಲ್ಪುರ ಮತ್ತು ನಾಗಪುರದಲ್ಲಿ ಸ್ವರಾಜ್ ಧ್ವಜ ಹಿಡಿದ ಮೆರವಣಿಗೆಗಳನ್ನು ಪೊಲೀಸರು ತಡೆದರು. ನಾಗಪುರದ ಸಿವಿಲ್ ಲೈನ್ಸ್‌ನಲ್ಲಿ, ಅಂದರೆ ಆಂಗ್ಲ ಅಧಿಕಾರಿಗಳು ವಾಸವಿದ್ದ ಕಡೆ, ಬಾವುಟ ಹೊತ್ತು ನಡೆಯಕೂಡದು ಎಂದು ಆಜ್ಞೆ ಹೊರಟಿತು. ಜಮ್ನಾಲಾಲ್ ಬಜಾಜ್ ಮುಂದೆ ನಿಂತರು. ಅವರನ್ನು ಜೈಲಿಗೆ ಹಾಕಿದ ಮೇಲೆ ವಲ್ಲಭಭಾಯಿ ಪಟೇಲರು ಹೊಣೆ ಹೊತ್ತರು. ದೇಶದ ಮೂಲೆಮೂಲೆಗಳಿಂದ ತಂಡತಂಡವಾಗಿ ಸ್ವಯಂಸೇವಕರು ಬಂದರು. ಬಾವುಟ ಹಿಡಿದು ಆ ರಸ್ತೆಗೆ ಹೆಜ್ಜೆ ಇಡುವುದು, ಬಂಧನವಾಗುವುದು, ಮರುದಿನ ಮತ್ತೊಂದು ತಂಡ. ಸಾವಿರಕ್ಕೂ ಹೆಚ್ಚು ಜನ ಜೈಲು ಸೇರಿದರು. ಆಗಸ್ಟ್ 18ರಂದು ಮೆರವಣಿಗೆ ಅದೇ ರಸ್ತೆಯಲ್ಲಿ ಬಾವುಟ ಹಿಡಿದು ಸಾಗಿದ ಮೇಲೆ ಸತ್ಯಾಗ್ರಹ ನಿಂತಿತು.

ಆ ತಂಡಗಳಲ್ಲಿ ಹುಬ್ಬಳ್ಳಿಯದ್ದೂ ಒಂದು. ಧಾರವಾಡದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತ ರಾಯರ ಜೊತೆ ಕೆಲಸ ಮಾಡಿ ಬಂದಿದ್ದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್ ಹುಬ್ಬಳ್ಳಿಯಲ್ಲಿ ಸೇವಾ ಮಂಡಲ ಕಟ್ಟಿದ್ದರು. ಆ ಮಂಡಲದ ಹುಡುಗರು ನಾಗಪುರದಲ್ಲಿ ಬಂಧನಕ್ಕೊಳಗಾಗಿ, ಕ್ಷಮೆ ಕೇಳದೆ ಶಿಕ್ಷೆ ಅನುಭವಿಸಿ ಬಂದರು. ಇಂಥ ಶಿಸ್ತು ದೇಶಕ್ಕೆಲ್ಲ ಬೇಕು ಎನಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಅಧಿವೇಶನದ ವೇಳೆ ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ಬಾವುಟವನ್ನು ಹೇಗೆ ಏರಿಸಬೇಕು, ಹೇಗೆ ವಂದಿಸಬೇಕು, ಸಾಲಾಗಿ ಹೇಗೆ ನಿಲ್ಲಬೇಕು ಎಂಬ ಕವಾಯತನ್ನು ಕಾಂಗ್ರೆಸ್ಸಿಗೆ ಕಲಿಸಿದ್ದು ಈ ದಳ. ಇಂದು ಶಾಲಾ ಮೈದಾನದಲ್ಲಿ ಮಕ್ಕಳು ಸಾಲುಗಟ್ಟಿ ನಿಂತು ಧ್ವಜವಂದನೆ ಮಾಡುವಾಗ ಅದರ ಬೇರಿನ ಒಂದು ಎಳೆ ಹುಬ್ಬಳ್ಳಿಯಲ್ಲಿದೆ.

ಬಣ್ಣಕ್ಕೂ ಧರ್ಮಕ್ಕೂ ಕಡಿದ ನಂಟು

ಬಣ್ಣಕ್ಕೊಂದು ಧರ್ಮ ಎಂದು ಒಮ್ಮೆ ಹಂಚಿದ ಮೇಲೆ ಕೇಳಿಕೆಗಳು ನಿಲ್ಲುತ್ತವೆಯೇ? ನಮ್ಮ ಬಣ್ಣವೂ ಇರಲಿ ಎಂದು ಸಿಖ್ಖರು ಕೇಳಿದರು. ಬಿಳಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಸೇರಿಸಿದ್ದು ಹಲವರಿಗೆ ಸಮಾಧಾನ ತರಲಿಲ್ಲ. 1931ರ ಕರಾಚಿ ಕಾಂಗ್ರೆಸ್ ಏಳು ಜನರ ಧ್ವಜ ಸಮಿತಿ ನೇಮಿಸಿತು. ಪಟೇಲ್, ನೆಹರೂ, ಮೌಲಾನಾ ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಮತ್ತು ನಮ್ಮ ಹರ್ಡೀಕರ್.

ಈ ಸಮಿತಿಯ ಶಿಫಾರಸು ಇಂದಿನವರಿಗೆ ಅಚ್ಚರಿ ತರುವಂಥದ್ದು. ಮೂರು ಬಣ್ಣವೇ ಬೇಡ, ಬಾವುಟವಿಡೀ ಒಂದೇ ಕೇಸರಿ ಬಣ್ಣದ್ದಾಗಿರಲಿ, ಅದರ ಮೇಲೆ ಕಂದುಗೆಂಪು ಚರಕ ಇರಲಿ ಎಂದು ಅದು ಹೇಳಿತು. ಸಮಿತಿಯ ಕಣ್ಣಿಗೆ ಕೇಸರಿ ಯಾರ ಪಾಲಿನದೂ ಆಗಿರಲಿಲ್ಲ. ಮತೀಯ ಜಗಳದಿಂದ ಬಿಡಿಸಿಕೊಳ್ಳಲೆಂದೇ ಅದನ್ನು ಆಯ್ದಿದ್ದರು. ಆದರೆ ಬಾಂಬೆಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪಲಿಲ್ಲ. ಹತ್ತು ವರ್ಷದಿಂದ ಜನ ಏಟು ತಿಂದು, ಜೈಲಿಗೆ ಹೋಗಿ ಹೊತ್ತ ಮೂರು ಬಣ್ಣಗಳನ್ನು ಕೈಬಿಡುವುದು ಸಾಧ್ಯವಿರಲಿಲ್ಲ. ಹಾಗಾಗಿ ಮೂರು ಬಣ್ಣ ಉಳಿಸಿದರು. ಕೆಂಪಿನ ಬದಲು ಕೇಸರಿ ಬಂತು, ಸ್ಥಾನವೂ ಬದಲಾಯಿತು. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು, ಬಿಳಿಯ ನಡುವೆ ಕಡುನೀಲಿ ಚರಕ.

ಇದಕ್ಕಿಂತ ಮುಖ್ಯವಾದ ಬದಲಾವಣೆ ನಿರ್ಣಯದ ಮಾತುಗಳಲ್ಲಿತ್ತು. ಈ ಬಣ್ಣಗಳಿಗೆ ಯಾವುದೇ ಮತೀಯ ಅರ್ಥವಿಲ್ಲ ಎಂದು 1931ರ ನಿರ್ಣಯ ಸ್ಪಷ್ಟವಾಗಿ ಹೇಳಿತು. ಕೇಸರಿ ಧೈರ್ಯ ಮತ್ತು ತ್ಯಾಗಕ್ಕೆ, ಬಿಳಿ ಶಾಂತಿ ಮತ್ತು ಸತ್ಯಕ್ಕೆ, ಹಸಿರು ಶ್ರದ್ಧೆ ಮತ್ತು ಶೌರ್ಯಕ್ಕೆ, ಚರಕ ಜನಸಾಮಾನ್ಯರ ಭರವಸೆಗೆ. ಅಗಲಕ್ಕೂ ಉದ್ದಕ್ಕೂ ಇರಬೇಕಾದ ಎರಡಕ್ಕೆ ಮೂರರ ಪ್ರಮಾಣವೂ ಆಗಲೇ ಗೊತ್ತಾಯಿತು. ಆಗಸ್ಟ್ 30ನ್ನು ಧ್ವಜ ದಿನವೆಂದು ಆಚರಿಸಿದರು.

ಹೀಗಿರುವಾಗ ಇಂದಿಗೂ ಕೇಸರಿ ಅವರದು, ಹಸಿರು ಇವರದು ಎಂದು ಹಂಚಿ ಮಾತಾಡುವವರು 1931ಕ್ಕಿಂತ ಹಿಂದೆಯೇ ನಿಂತಿದ್ದಾರೆ. ಹಾಗೆ ಹಂಚಿದ್ದು ನಿಜ. ಹಂಚಿದ್ದರ ಫಲ ಏನೆಂದು ಕಣ್ಣಾರೆ ಕಂಡ ಜನರೇ ಆ ಅರ್ಥವನ್ನು ಬರಹದಲ್ಲಿ ರದ್ದು ಮಾಡಿದ್ದೂ ಅಷ್ಟೇ ನಿಜ.

ಶಿವಪುರ, ವಿದುರಾಶ್ವತ್ಥ

ಬ್ರಿಟಿಷ್ ಪ್ರಾಂತಗಳಲ್ಲಿ ನಡೆದದ್ದು ಒಂದು ಕಥೆ. ಸಂಸ್ಥಾನಗಳಲ್ಲಿ ಬೇರೆ ಕಥೆ. ಮೈಸೂರು ಸಂಸ್ಥಾನದಲ್ಲಿ ಗಂಡಭೇರುಂಡದ ರಾಜಲಾಂಛನ ಇದ್ದಾಗ ಕಾಂಗ್ರೆಸ್ ಬಾವುಟ ಹಾರಿಸುವುದು ದೊರೆಗೆ ಮಾಡುವ ಅವಮಾನ ಎಂಬ ವಾದ ಸರ್ಕಾರದ್ದು. ಮದ್ದೂರು ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್ 11ರಿಂದ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ನಡೆಯಬೇಕಿತ್ತು. ಧ್ವಜಾರೋಹಣಕ್ಕೆ ನಿಷೇಧಾಜ್ಞೆ ಬಂತು. ಹಳ್ಳಿಗಳಿಂದ ಬಂದ ಸಾವಿರಾರು ಜನರ ಎದುರು ನಿಷೇಧ ಮುರಿದು ಬಾವುಟ ಏರಿತು, ಮುಖಂಡರ ಬಂಧನವಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೋಗುವವರಿಗೆ ಅಲ್ಲಿನ ಸತ್ಯಾಗ್ರಹ ಸೌಧ ಕಾಣುತ್ತದೆ. ಎಷ್ಟೋ ಜನ ಅದರ ಮುಂದೆಯೇ ಮದ್ದೂರು ವಡೆ ತಿನ್ನಲು ಅವಸರದಲ್ಲಿ ದಾಟುತ್ತಾರೆ. ಒಮ್ಮೆ ಇಳಿದು ನೋಡುವಂಥ ಜಾಗ ಅದು.

ಎರಡೇ ವಾರಕ್ಕೆ, ಏಪ್ರಿಲ್ 25ರಂದು, ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಜನ ಸೇರಿದರು. ಉತ್ತರ ಪಿನಾಕಿನಿಯ ದಂಡೆ, ದೊಡ್ಡ ಅಶ್ವತ್ಥ ಮರ, ಅದರ ಸುತ್ತ ಸಾಲುಸಾಲು ನಾಗರಕಲ್ಲುಗಳಿರುವ ಊರು. ಶಿವಪುರದ ಹಾಗೆಯೇ ಇಲ್ಲಿಯೂ ಬಾವುಟ ಹಾರಿಸಬೇಕೆಂಬ ಸಂಕಲ್ಪ, ಅದೇ ನಿಷೇಧ. ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10. ಊರವರ ಮತ್ತು ಹೋರಾಟಗಾರರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಅದನ್ನು ಕರೆಯುವುದು ಅದಕ್ಕೆ. ಅಲ್ಲಿ ಈಗ ವೀರಸೌಧ ಇದೆ.

ಆ ಸಾವುಗಳ ನಂತರ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಜೊತೆ ಆದ ಒಪ್ಪಂದವನ್ನು ಮಿರ್ಜಾ–ಪಟೇಲ್ ಒಪ್ಪಂದ ಎನ್ನುತ್ತಾರೆ. ಸಮಾರಂಭಗಳಲ್ಲಿ ಮೈಸೂರಿನ ಬಾವುಟದ ಜೊತೆ ತ್ರಿವರ್ಣವನ್ನೂ ಹಾರಿಸಬಹುದು, ಕಾಂಗ್ರೆಸ್ಸಿನ ಸಭೆಗಳಲ್ಲಿ ತ್ರಿವರ್ಣ ಒಂದನ್ನೇ ಹಾರಿಸಬಹುದು ಎಂದಾಯಿತು. ಒಂದು ಬಟ್ಟೆಗೆ ಕಂಬದ ಮೇಲೆ ಜಾಗ ಸಿಗಲು ಇಷ್ಟು ಪ್ರಾಣ ಹೋಗಬೇಕಾಯಿತು. ನಾಲ್ಕು ವರ್ಷದ ಬಳಿಕ, 1942ರಲ್ಲಿ, ಶಿವಮೊಗ್ಗ ಜಿಲ್ಲೆಯ ಈಸೂರಿನವರು ತಮ್ಮೂರು ಸ್ವತಂತ್ರ ಎಂದು ಸಾರಿ ವೀರಭದ್ರ ಗುಡಿಯ ಮೇಲೆ ಇದೇ ಬಾವುಟ ಏರಿಸಿದರು. ಆ ಹೋರಾಟದ ಐವರನ್ನು 1943ರಲ್ಲಿ ಗಲ್ಲಿಗೇರಿಸಲಾಯಿತು.

ಚರಕ ಚಕ್ರವಾದ ಬಗೆ

1947ರ ಜೂನ್‌ನಲ್ಲಿ ಡಾ. ರಾಜೇಂದ್ರ ಪ್ರಸಾದರ ನೇತೃತ್ವದಲ್ಲಿ ಹೊಸ ದೇಶದ ಬಾವುಟಕ್ಕಾಗಿ ಸಮಿತಿಯೊಂದು ರಚನೆಯಾಯಿತು. ಅಂಬೇಡ್ಕರ್, ಆಜಾದ್, ರಾಜಾಜಿ, ಸರೋಜಿನಿ ನಾಯ್ಡು, ಮುನ್ಶಿ ಅದರಲ್ಲಿದ್ದರು. ಕಾಂಗ್ರೆಸ್ಸಿನ ಬಾವುಟವನ್ನೇ ಯಥಾವತ್ತಾಗಿ ದೇಶದ ಬಾವುಟ ಮಾಡಿದರೆ ಅದು ಒಂದು ಪಕ್ಷದ್ದಾಗುತ್ತದೆ. ಪೂರ್ತಿ ಹೊಸದನ್ನು ತಂದರೆ ಜನ ರಕ್ತ ಕೊಟ್ಟ ಬಾವುಟ ಅದಲ್ಲ. ಮೂರು ಬಣ್ಣ ಉಳಿಸಿ, ನಡುವಿನ ಗುರುತನ್ನು ಮಾತ್ರ ಬದಲಿಸುವುದು ಆ ಇಕ್ಕಟ್ಟಿನಿಂದ ಹೊರಬರುವ ದಾರಿಯಾಯಿತು.

ನಿರ್ಣಯ ಮಂಡಿಸುತ್ತ ನೆಹರೂ ಸಭೆಗೆ ಎರಡು ಬಾವುಟ ತೋರಿಸಿದರು, ಒಂದು ರೇಷ್ಮೆಯದು, ಇನ್ನೊಂದು ಹತ್ತಿ ಖಾದಿಯದು. ಚರಕ ಬದಲಾದದ್ದಕ್ಕೆ ಅವರು ಕೊಟ್ಟ ಕಾರಣ ಬಹಳ ವ್ಯಾವಹಾರಿಕ. ಬಾವುಟದ ಎರಡೂ ಬದಿಯಲ್ಲಿ ಗುರುತು ಒಂದೇ ರೀತಿ ಕಾಣಬೇಕು. ಚರಕದಲ್ಲಿ ಒಂದು ಕಡೆ ಚಕ್ರ, ಇನ್ನೊಂದು ಕಡೆ ಕದಿರು. ಹಿಂಬದಿಯಿಂದ ನೋಡಿದರೆ ಕದಿರು ಇದ್ದಲ್ಲಿ ಚಕ್ರ, ಚಕ್ರ ಇದ್ದಲ್ಲಿ ಕದಿರು. ಚಕ್ರವೊಂದನ್ನೇ ಇಟ್ಟರೆ ಈ ತೊಡಕಿಲ್ಲ, ಅದು ಯಾವ ಕಡೆಯಿಂದ ನೋಡಿದರೂ ಅದೇ. ಚರಕದ ಸಾರವಾದ ಚಕ್ರ ಉಳಿಯಿತು, ಕದಿರು ಮತ್ತು ದಾರ ಹೋದವು. ಈ ಬಾವುಟವನ್ನು ಮತೀಯ ಕಣ್ಣಿನಿಂದ ನೋಡುವುದು ತಪ್ಪು ಎಂದೂ ಅವರು ಅದೇ ಭಾಷಣದಲ್ಲಿ ಹೇಳಿದರು.

ತಿದ್ದುಪಡಿಗಳೂ ಬಂದಿದ್ದವು. ಮಂಗಳೂರಿನಲ್ಲಿ ಹುಟ್ಟಿ ಮಧ್ಯ ಪ್ರಾಂತದಿಂದ ಸಭೆಗೆ ಬಂದಿದ್ದ ಎಚ್.ವಿ. ಕಾಮತ್ ಚಕ್ರದೊಳಗೆ ಸ್ವಸ್ತಿಕ ಇರಲಿ ಎಂದು ಸೂಚನೆ ಕೊಟ್ಟಿದ್ದರು. ಬಾವುಟದ ವಿನ್ಯಾಸ ಕಣ್ಣಿಗೆ ಬಿದ್ದ ಮೇಲೆ ಅದನ್ನು ಹಿಂತೆಗೆದುಕೊಂಡರು. ಡಾ. ರಾಧಾಕೃಷ್ಣನ್ ಬಣ್ಣಗಳಿಗೆ ಮತ್ತೊಂದು ಓದು ಕೊಟ್ಟರು. ಕೇಸರಿ ಎಂದರೆ ವಿರಕ್ತಿ, ಅಧಿಕಾರದಲ್ಲಿರುವವರು ಲಾಭದ ಆಸೆ ಬಿಡಬೇಕೆಂಬ ಎಚ್ಚರ. ಬಿಳಿ ಎಂದರೆ ಸತ್ಯದ ಬೆಳಕು. ಹಸಿರು ಎಂದರೆ ಮಣ್ಣಿನ ಜೊತೆ, ಗಿಡಮರಗಳ ಜೊತೆ ನಮಗಿರುವ ನಂಟು. ಚಕ್ರ ಎಂದರೆ ಧರ್ಮ, ಜೊತೆಗೆ ಚಲನೆ. ಇಂದು ಪಠ್ಯಪುಸ್ತಕಗಳಲ್ಲಿರುವ ಅರ್ಥಗಳು 1931ರ ನಿರ್ಣಯ ಮತ್ತು ಈ ಭಾಷಣ ಎರಡೂ ಕಲೆತು ಬಂದಿವೆ. ಸಭೆ ಎದ್ದು ನಿಂತು ನಿರ್ಣಯವನ್ನು ಅಂಗೀಕರಿಸಿತು.

ಗಾಂಧೀಜಿಗೆ ಮಾತ್ರ ನೋವಾಗಿತ್ತು. ಚರಕವಿಲ್ಲದ ಬಾವುಟಕ್ಕೆ ತಾನು ವಂದಿಸಲಾರೆ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ಈ ಚಕ್ರ ಚರಕವೇ ಎಂದು ನಿರ್ಣಯ ಹೇಳಿದರೂ, ನೂಲುವವರಿಗೆ ಕದಿರಿಲ್ಲದ ಚರಕ ಚರಕದಂತೆ ಕಾಣುವುದಿಲ್ಲವಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ನಿರ್ಣಯದಲ್ಲಿ 'ಚರಕವನ್ನು ಪ್ರತಿನಿಧಿಸುವ' ಎಂಬ ಮಾತನ್ನು ಹಾಗೆಯೇ ಉಳಿಸಿದ್ದು ಸಣ್ಣ ವಿಷಯವಲ್ಲ ಎಂದು ನನಗನಿಸುತ್ತದೆ. ಕಣ್ಣಿಗೆ ಕಾಣದಂತಾದ ಚರಕಕ್ಕೆ ಕಾನೂನಿನ ಮಾತಿನಲ್ಲಿ ಜಾಗ ಸಿಕ್ಕಿತು.

ಆಗಸ್ಟ್ 14ರ ಮಧ್ಯರಾತ್ರಿಯ ಸಭೆಯಲ್ಲಿ ಭಾರತದ ಮಹಿಳೆಯರ ಪರವಾಗಿ ಹಂಸಾ ಮೆಹ್ತಾ ಈ ಬಾವುಟವನ್ನು ಸಭೆಗೆ ಅರ್ಪಿಸಿದರು. ಈ ಸದನದ ಮೇಲೆ ಹಾರುವ ಮೊದಲ ಬಾವುಟ ಹೆಂಗಸರ ಕೊಡುಗೆಯಾಗಿರಲಿ ಎಂಬುದು ಅವರ ಮಾತಿನ ಸಾರ. ಕೆಂಪುಕೋಟೆಯ ಮೇಲೆ ನೆಹರೂ ಬಾವುಟ ಏರಿಸಿದ್ದು 15ರಂದಲ್ಲ, ಆಗಸ್ಟ್ 16ರಂದು. ಇನ್ನು ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಆ ದಿನವೂ ಬಿಡುಗಡೆ ಇರಲಿಲ್ಲ. ನಿಜಾಮನ ರಾಜ್ಯದಲ್ಲಿ ತ್ರಿವರ್ಣ ಹಾರಿಸಿದರೆ ಸೆರೆಮನೆ. ಹೈದರಾಬಾದಿನಲ್ಲಿ ಸ್ವಾಮಿ ರಮಾನಂದ ತೀರ್ಥರು ಬಂಧನಕ್ಕೊಳಗಾದದ್ದು ಇದೇ ಕಾರಣಕ್ಕೆ. ಆ ಸೀಮೆಯಲ್ಲಿ ಬಾವುಟ ಅಡೆತಡೆ ಇಲ್ಲದೆ ಹಾರಿದ್ದು 1948ರ ಸೆಪ್ಟೆಂಬರ್ 17ರ ನಂತರ.

24 ಅರೆಗಳ ಲೆಕ್ಕ

ಚಕ್ರದಲ್ಲಿ 24 ಅರೆಗಳೇ ಏಕೆ? ದಿನದ 24 ಗಂಟೆ, 24 ಸದ್ಗುಣ, 24 ತೀರ್ಥಂಕರರು ಎಂದೆಲ್ಲ ವಾಟ್ಸಾಪ್‌ನಲ್ಲಿ ಬರುತ್ತದೆ. ನಿರ್ಣಯದಲ್ಲಿ ಇಂಥ ಯಾವ ಮಾತೂ ಇಲ್ಲ, 24 ಎಂಬ ಸಂಖ್ಯೆಯೂ ಇಲ್ಲ. ಉತ್ತರ ಸಾರನಾಥದ ಕಲ್ಲಿನಲ್ಲಿದೆ. 1904–05ರ ಉತ್ಖನನದಲ್ಲಿ ಸಿಕ್ಕ ಆ ಸ್ತಂಭದ ತಲೆಯಲ್ಲಿ ನಾಲ್ಕು ಸಿಂಹಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಅವುಗಳ ಕೆಳಗೆ ದುಂಡನೆಯ ಪೀಠ. ಪೀಠದ ಸುತ್ತ ಆನೆ, ಗೂಳಿ, ಕುದುರೆ, ಸಿಂಹ, ಒಂದೊಂದರ ನಡುವೆ ಒಂದೊಂದು ಚಕ್ರ. ಈ ಪೀಠದ ಚಕ್ರಗಳಲ್ಲಿ 24 ಅರೆಗಳಿವೆ. ಸಿಂಹಗಳ ತಲೆಯ ಮೇಲೆ ಇನ್ನೂ ದೊಡ್ಡ ಧರ್ಮಚಕ್ರವೊಂದು ಇತ್ತು, ಈಗ ಅದರ ಚೂರುಗಳಷ್ಟೇ ಉಳಿದಿವೆ. ಅದಕ್ಕೆ 32 ಅರೆಗಳಿದ್ದವು ಎಂದು ವಿದ್ವಾಂಸರ ಅಂದಾಜು. ನಿರ್ಣಯದವರು ಆರಿಸಿದ್ದು ಪೀಠದ ಚಕ್ರ, ಹಾಗಾಗಿ 24.

ಆ ಚಕ್ರದ ಒಡೆಯ ಯಾರು ಎಂಬುದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಕನ್ನಡ ನೆಲದಲ್ಲಿ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ಬಿರುದು. ಅವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆಯ ಮೇಲೆ 'ದೇವಾನಾಂಪಿಯಸ ಅಸೋಕಸ' ಎಂದು ಹೆಸರೇ ಕೊರೆದಿತ್ತು. ಊಹೆ ನಿಜವಾಯಿತು.

ಬಟ್ಟೆಯೂ ಒಂದು ಗುರುತು

ಬಾವುಟದ ಬಗ್ಗೆ ಬರೆಯುವವರು ಬಣ್ಣ, ಚಕ್ರ ಹೇಳಿ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಅದರ ನಾಲ್ಕನೇ ಗುರುತು ಬಟ್ಟೆ. ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದ ಖಾದಿ. ಚಕ್ರ ಚರಕವನ್ನು ಪ್ರತಿನಿಧಿಸುತ್ತದೆ ಎಂದಾದರೆ, ಅದನ್ನು ಹೊತ್ತ ಬಟ್ಟೆ ಚರಕದಿಂದಲೇ ಹುಟ್ಟಬೇಕು ಎಂಬುದು ಸಹಜ.

ಈ ಬಟ್ಟೆ ಹೇಗಿರಬೇಕೆಂದು ಸರ್ಕಾರ 1951ರಲ್ಲೇ ಮಾನಕ ಗೊತ್ತು ಮಾಡಿತು. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1. ಮೆಟ್ರಿಕ್ ಅಳತೆ ಬಂದ ಮೇಲೆ 1964ರಲ್ಲಿ, ಮತ್ತೆ 1968ರಲ್ಲಿ ಪರಿಷ್ಕರಿಸಿದರು. ಒಂಬತ್ತು ಅಳತೆಗಳಿವೆ. ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಚಿಕ್ಕದು ಮೇಜಿನ ಮೇಲಿಡುವ 150ಕ್ಕೆ 100. ಕಾರಿನ ಮೇಲೆ ಹಾಕುವುದು 225ಕ್ಕೆ 150. ಶಾಲೆಯಲ್ಲಿ, ಮನೆಯ ಮೇಲೆ ಸಾಮಾನ್ಯವಾಗಿ ಕಾಣುವ 900ಕ್ಕೆ 600ರದ್ದನ್ನು ತೆಗೆದುಕೊಳ್ಳಿ. ಒಂದೊಂದು ಪಟ್ಟಿ 200 ಮಿಲಿಮೀಟರ್, ಚಕ್ರದ ವ್ಯಾಸ 185. ಬಿಳಿ ಪಟ್ಟಿಯನ್ನು ಹೆಚ್ಚುಕಡಿಮೆ ತುಂಬುವಷ್ಟು ದೊಡ್ಡ ಚಕ್ರ. ಅಂಗಡಿಯಲ್ಲಿ ಸಿಗುವ ಎಷ್ಟೋ ಬಾವುಟಗಳಲ್ಲಿ ಚಕ್ರ ನಾಣ್ಯದಷ್ಟೇ ಇರುತ್ತದೆ. ಅದು ನಿರ್ಣಯಕ್ಕೂ ಮಾನಕಕ್ಕೂ ಹೊರತು.

ಮಾನಕದಂತೆ ಬಾವುಟಕ್ಕೆ ಎರಡು ಬಗೆಯ ಖಾದಿ ಬೇಕು. ಹಾರುವ ಭಾಗಕ್ಕೆ ತೆಳುವಾದದ್ದು, ಹಗ್ಗ ಹಾಯುವ ಅಂಚಿಗೆ ದಪ್ಪನೆಯ, ಬಣ್ಣ ಹಾಕದ ಗಟ್ಟಿ ಬಟ್ಟೆ. ಧಾರವಾಡದ ಬಳಿಯ ಗರಗ ಎಂಬ ಊರು ದಶಕಗಳಿಂದ ಧ್ವಜದ ಬಟ್ಟೆಗೆ ಹೆಸರಾದದ್ದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲೂ ನೂಲುವವರು, ನೇಯುವವರು ಇದ್ದಾರೆ. ಹತ್ತಿಯ ಹಂಜಿ ಚಿತ್ರದುರ್ಗದಿಂದ ಬರುತ್ತದೆ. ಬಟ್ಟೆ ಕೊನೆಗೆ ಬಂದು ಸೇರುವುದು ಹುಬ್ಬಳ್ಳಿಯ ಬೆಂಗೇರಿಗೆ, 1957ರ ನವೆಂಬರ್ 1ರಂದು ಗಾಂಧಿವಾದಿಗಳು ಕಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ. ಮಾನಕ ಸಂಸ್ಥೆಯ ಮುದ್ರೆಯುಳ್ಳ ಖಾದಿ ರಾಷ್ಟ್ರಧ್ವಜ ಎಂದರೆ ವರ್ಷಗಳ ಕಾಲ ದೇಶಕ್ಕೆಲ್ಲ ಬೆಂಗೇರಿಯದೇ.

ಅಲ್ಲಿ ನಡೆಯುವ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ಚಕ್ರದ ಅಚ್ಚು. ಬಿಳಿ ಬಟ್ಟೆಯ ತುಂಡನ್ನು ಸುಕ್ಕಿಲ್ಲದೆ ಹಾಸಿ, ಚೌಕಟ್ಟಿನ ಪರದೆ ಇಟ್ಟು ಕಡುನೀಲಿ ಬಣ್ಣ ಎಳೆಯುತ್ತಾರೆ. ಒಣಗಿದ ಮೇಲೆ ಬಟ್ಟೆ ಮಗುಚಿ ಹಿಂಬದಿಗೂ ಅಚ್ಚು ಹಾಕಬೇಕು. ಎರಡೂ ಬದಿಯ 24 ಅರೆಗಳು ಒಂದರ ಮೇಲೊಂದು ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಬೆಳಕಿಗೆ ಹಿಡಿದಾಗ 24ರ ಬದಲು 48 ಗೆರೆ ಕಾಣುತ್ತದೆ. 1947ರಲ್ಲಿ ಸಭೆಯಲ್ಲಿ ಎರಡು ಬದಿಯ ಬಗ್ಗೆ ಆಡಿದ ಮಾತನ್ನು ಇಲ್ಲಿ ಕೈಯಿಂದ ನಿಜ ಮಾಡುತ್ತಾರೆ. ಆಮೇಲೆ ಮೂರು ಪಟ್ಟಿಗಳನ್ನು ಸೇರಿಸಿ ಹೊಲಿಯುವುದು, ಗಟ್ಟಿ ಬಟ್ಟೆಯ ಅಂಚು ಕೂಡಿಸುವುದು, ಒಳಗೆ ಹಗ್ಗ ಹಾಯಿಸಿ ಮೇಲಿನ ತುದಿಗೆ ಮರದ ಗೂಟ ಕಟ್ಟುವುದು. ಬಿಸಿಲಿಗೆ ಬಣ್ಣ ಮಾಸುತ್ತದೆಯೇ, ತೊಳೆದರೆ ಬಿಡುತ್ತದೆಯೇ, ಎಳೆಗಳು ಎಣಿಕೆಗೆ ಸರಿಯಿವೆಯೇ ಎಂದು ಹಂತಹಂತವಾಗಿ ಪರೀಕ್ಷೆ. ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಯಾರು ಹಾರಿಸಬಹುದು

ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಸಾಮಾನ್ಯ ಪ್ರಜೆಗೆ ತನ್ನ ಮನೆಯ ಮೇಲೆ ವರ್ಷವಿಡೀ ಬಾವುಟ ಹಾರಿಸುವ ಅವಕಾಶ ಇರಲಿಲ್ಲ. ಕೆಲವು ರಾಷ್ಟ್ರೀಯ ದಿನಗಳನ್ನು ಬಿಟ್ಟರೆ ಅದು ಸರ್ಕಾರಿ ಕಟ್ಟಡಗಳಿಗೆ ಸೀಮಿತ. ಉದ್ಯಮಿ ನವೀನ್ ಜಿಂದಾಲ್ ರಾಯಗಢದ ತಮ್ಮ ಕಾರ್ಖಾನೆಯಲ್ಲಿ ಹಾರಿಸಿದ ಬಾವುಟಕ್ಕೆ ಅಧಿಕಾರಿಗಳು ಅಡ್ಡಿ ಮಾಡಿದಾಗ ವಿಷಯ ಕೋರ್ಟಿಗೆ ಹೋಯಿತು. 1995ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಜಾರಿಯಾಯಿತು. 2004ರ ಜನವರಿ 23ರಂದು ಸುಪ್ರೀಂ ಕೋರ್ಟ್, ಗೌರವದಿಂದ ಬಾವುಟ ಹಾರಿಸುವುದು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಅವಮಾನ ಮಾಡಿದರೆ ಮಾತ್ರ 1971ರ ಕಾನೂನಿನಡಿ ಮೂರು ವರ್ಷದವರೆಗೆ ಜೈಲು.

2021ರ ಡಿಸೆಂಬರ್ 30ರಂದು ಸಂಹಿತೆಗೆ ಇನ್ನೊಂದು ತಿದ್ದುಪಡಿ ಬಂತು. ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ. 2022ರ ಜುಲೈನಲ್ಲಿ, ಮನೆಯ ಮೇಲೆ ಹಗಲು ಮಾತ್ರವಲ್ಲ ರಾತ್ರಿಯೂ ಹಾರಿಸಬಹುದು ಎಂದಾಯಿತು. 'ಹರ್ ಘರ್ ತಿರಂಗಾ' ಅಭಿಯಾನದಲ್ಲಿ ಕೋಟಿಗಟ್ಟಲೆ ಮನೆಗಳಿಗೆ ಬಾವುಟ ತಲುಪಿತು. ಅಷ್ಟು ಸಂಖ್ಯೆಯನ್ನು ಕೈಮಗ್ಗ ಪೂರೈಸಲಾರದು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಪ್ರತಿ ಮನೆಯ ಮೇಲೂ ಬಾವುಟ ಇರಲಿ ಎಂಬ ಆಸೆಯೂ ಒಳ್ಳೆಯದೇ. ಆದರೆ ತಿದ್ದುಪಡಿಯ ವಿರುದ್ಧ ಹುಬ್ಬಳ್ಳಿಯ ಖಾದಿ ಸಂಘದಿಂದ ಎದ್ದ ದನಿಯಲ್ಲಿ ಹೊಟ್ಟೆಪಾಡಿನ ಪ್ರಶ್ನೆಯ ಜೊತೆ ಇನ್ನೊಂದು ಪ್ರಶ್ನೆಯೂ ಇತ್ತು. ಚರಕವನ್ನು ಪ್ರತಿನಿಧಿಸುವ ಚಕ್ರವನ್ನು ಚರಕ ಕಾಣದ ಬಟ್ಟೆಯ ಮೇಲೆ ಅಚ್ಚು ಹಾಕಿದರೆ ಆ ಗುರುತಿನಲ್ಲಿ ಉಳಿಯುವುದೇನು? ಶಾಲೆ, ಪಂಚಾಯಿತಿ, ಸರ್ಕಾರಿ ಕಚೇರಿಗಳಾದರೂ ಖಾದಿ ಬಾವುಟವನ್ನೇ ಕೊಳ್ಳಬೇಕು ಎಂದು ನಾನು ನಂಬುತ್ತೇನೆ. ಅಲ್ಲಿಗೆ ವರ್ಷಕ್ಕೆ ಒಂದೆರಡು ಸಾಕು, ಬೆಲೆ ಯಾರಿಗೂ ಹೊರೆಯಾಗದು.

ಕೊಳ್ಳುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ. ಅಗಲ ಎರಡು ಪಾಲಾದರೆ ಉದ್ದ ಮೂರು ಪಾಲು ಇರಲಿ. ಪಟ್ಟಿಗಳು ಮೂರೂ ಸಮ ಇರಲಿ. ಚಕ್ರ ಎರಡೂ ಬದಿಯಲ್ಲಿ ನಿಚ್ಚಳವಾಗಿ ಕಾಣಲಿ, ಅರೆಗಳನ್ನು ಎಣಿಸಿ ನೋಡಿ. ಖಾದಿಯದಾದರೆ ಮಾನಕದ ಮುದ್ರೆ ಇದೆಯೇ ಗಮನಿಸಿ. ಗೋಡೆಯ ಮೇಲೆ ಉದ್ದುದ್ದವಾಗಿ ಇಳಿಬಿಡುವುದಾದರೆ ಎದುರು ನಿಂತು ನೋಡುವವರ ಎಡಕ್ಕೆ ಕೇಸರಿ ಬರಬೇಕು. ಹರಿದ, ಮಾಸಿದ ಬಾವುಟ ಹಾರಿಸಕೂಡದು. ಅಂಥದ್ದನ್ನು ಕಸದ ಬುಟ್ಟಿಗೆ ಹಾಕದೆ, ಯಾರ ಕಣ್ಣಿಗೂ ಬೀಳದಂತೆ ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಆಗಸ್ಟ್ 15ರ ಮರುದಿನ ರಸ್ತೆಬದಿಯಲ್ಲಿ ಬಿದ್ದಿರುವ ಕಾಗದದ ಬಾವುಟಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.